ಮಗ್ಗದ ಮನೆಯ ಮಾತು

ಚಳಿಗಾಲದ ಒಣಗಾಳಿಗೆ ನೂಲು ಪದೇ ಪದೇ ಹರಿಯುತ್ತಿತ್ತು. ಬೆಳಕು ಹರಿಯುವ ಮೊದಲೇ ಮನೆಯ ಮೂರು ಕರೆಂಟಿನ ಮಗ್ಗಗಳೂ ಖಟಖಟ ಎನ್ನತೊಡಗಿದ್ದವು. ಆ ಸದ್ದಿನಲ್ಲಿ ಪಕ್ಕದಲ್ಲೇ ನಿಂತು ಕೂಗಿದರೂ ಕೇಳುವಂತಿರಲಿಲ್ಲ. ಆ ಮನೆಯಲ್ಲಿ ಕೈಯೇ ಬಾಯಿ. ತೋರುಬೆರಳು ಸುತ್ತಿದರೆ ನೂಲು ಹರಿದಿದೆ, ಕಿವಿ ಎಳೆದುಕೊಂಡರೆ ಬಾಗಿಲಲ್ಲಿ ಯಾರೋ ಬಂದಿದ್ದಾರೆ, ಹೆಬ್ಬೆರಳು ತುಟಿಗೆ ಹೋದರೆ ನೀರು. ದುಂಡಗಿದ್ದಾಳೆಂದು ಎಲ್ಲರೂ ‘ಉಂಡೆ’ ಎಂದು ಕರೆಯುತ್ತಿದ್ದ ಮಗಳು ಇಷ್ಟನ್ನೂ ನೆಟ್ಟಗೆ ನಡೆಯುವ ಮೊದಲೇ ಕಲಿತಿದ್ದಳು. ಅಜ್ಜಿ ಅದನ್ನು ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದಳು. ಆದರೆ ಮೂರು ತುಂಬಿದರೂ ಉಂಡೆಯ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

ತಾಯಿ ಅವಳನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದಳು. ನರ್ಸಮ್ಮ ಕಿವಿ ನೋಡಿದಳು, ಬೆನ್ನ ಹಿಂದೆ ಗಂಟೆ ಆಡಿಸಿದಳು. ಎಲ್ಲ ಸರಿಯಿತ್ತು. “ಮನೇಲಿ ಮಗು ಜೊತೆ ಮಾತಾಡ್ತೀರಲ್ವಾ?” ಎಂದು ಕೇಳಿದಳು. ಮನೆಗೆ ಬರುವ ದಾರಿಯುದ್ದಕ್ಕೂ ತಾಯಿ ಆ ಪ್ರಶ್ನೆಯನ್ನೇ ನೆನೆಯುತ್ತ ಬಂದಳು.

ಮರುದಿನದಿಂದ ಅವಳು ಹಟ ಹಿಡಿದಳು. ತಿಂಡಿಯಾದ ಮೇಲೆ ಬಿಸಿಲು ಹೊಸ್ತಿಲಿಗೆ ಬರುವವರೆಗೆ, ಮಗಳ ಜೊತೆ ಮಾತಾಡಲು, ಮಗ್ಗ ನಿಲ್ಲಬೇಕು. ನೂಲು ಕೊಟ್ಟ ಸಾಹುಕಾರರಿಗೆ ಬಟ್ಟೆ ಕೊಡುವ ದಿನ ಹತ್ತಿರ ಬಂತು ಎಂದು ಗಂಡ ಗೊಣಗಿದ. ಮಾತು ತಾನಾಗೇ ಬರುತ್ತದೆ, ಇವನಿಗೂ ಐದು ದಾಟಿದ ಮೇಲೇ ಬಂದಿದ್ದು ಎಂದು ಅತ್ತೆ ಮಗನ ಕಡೆ ನಿಂತಳು.

“ಬಂದು ಏನಾಯ್ತು ಅತ್ತೆ? ಈಗ್ಲೂ ಅವರದ್ದು ತಿಂಗಳಿಗೊಂದು ಮಾತು,” ಎಂದಳು ಸೊಸೆ. ಅತ್ತೆಗೆ ನಗು ತಡೆಯಲಾಗಲಿಲ್ಲ. ಗಂಡ ಹೋಗಿ ಸ್ವಿಚ್ಚು ಆರಿಸಿದ.

ಮಾತಾಡುವುದು ಸುಲಭವಾಗಿತ್ತು, ಕೈ ಸುಮ್ಮನಿಡುವುದು ಕಷ್ಟವಾಯಿತು. ಬಾಯಿ ಒಂದು ಹೇಳುವಷ್ಟರಲ್ಲಿ ಬೆರಳು ಅದನ್ನೇ ಹೇಳಿ ಮುಗಿಸಿರುತ್ತಿತ್ತು. ಕೊನೆಗೆ ಅವಳು ಎರಡೂ ಕೈಗಳನ್ನು ತೊಡೆಯಡಿ ಒತ್ತಿಟ್ಟುಕೊಂಡು ಮಗಳ ಎದುರು ಕೂತಳು. ನೂಲಿನ ಬಣ್ಣ, ಗೋಡೆಯ ಹಲ್ಲಿ, ಅಪ್ಪನ ಮೀಸೆ, ಎಲ್ಲವೂ ಮಾತಾದವು. ಮಗಳು ಹೆಬ್ಬೆರಳು ತುಟಿಗಿಟ್ಟರೆ “ನೀರು. ಉಂಡೆಗೆ ನೀರು ಬೇಕು” ಎಂದು ಹೇಳಿಯೇ ಲೋಟ ಕೊಡುತ್ತಿದ್ದಳು. ಮಗಳು ಕುಡಿದು ಲೋಟ ಇಟ್ಟು ಸುಮ್ಮನಾಗುತ್ತಿದ್ದಳು. ಹೀಗೆ ವಾರಗಳು ಕಳೆದವು. ದಿನವೂ ಮಗ್ಗದ ಪಕ್ಕ ನಿಂತು, ಗಂಡ ತಿರುಗಿ ನೋಡುವವರೆಗೆ “ನಿಲ್ಸಿ” ಎಂದು ತಾಯಿ ಗಂಟಲು ಹರಿದುಕೊಳ್ಳಬೇಕಾಗುತ್ತಿತ್ತು. ಒಂದೇ ಒಂದು ಸಲ ಅಂಗೈ ತೋರಿಸಿದ್ದರೆ ಸಾಕಿತ್ತು. ಅವಳು ತೋರಿಸಲಿಲ್ಲ.

ಬಟ್ಟೆ ಕೊಡಬೇಕಾದ ದಿನ ಬಂತು. ಮಗ್ಗಕ್ಕೆ ಕಟ್ಟಿದ ಹಾಸುನೂಲಿನಲ್ಲಿ ಇನ್ನೂ ನೇಯುವುದು ಉಳಿದಿತ್ತು. ಇವತ್ತೊಂದು ದಿನ ಬಿಡು ಎಂದು ಗಂಡ ದೂರದಿಂದಲೇ ಕೈಯಾಡಿಸಿದ. ಅವಳು ಕೂಗಿದಳು, ಅವನು ತಲೆಯೆತ್ತಲಿಲ್ಲ. ಅವಳ ಅಂಗೈ ಅರ್ಧ ಮೇಲೆದ್ದಿತು. ಅದನ್ನು ಬಲವಂತವಾಗಿ ಕೆಳಗಿಳಿಸಿ ಮತ್ತೆ ಕೂಗಿದಳು.

ಅಷ್ಟರಲ್ಲಿ ಉಂಡೆ ಹೋಗಿ ಅಪ್ಪನ ಅಂಗಿ ಜಗ್ಗಿದಳು. ಅವನು ಬಗ್ಗಿ ಅವಳ ಕೈ ನೋಡಿದ. ಕೈ ಏನೂ ಹೇಳುತ್ತಿರಲಿಲ್ಲ. ತುಟಿ ಅಲ್ಲಾಡಿತು. ಆ ಮನೆಯಲ್ಲಿ ಯಾರ ಬೆರಳನ್ನಾದರೂ ಓದಬಲ್ಲವನಿಗೆ ಮಗಳ ತುಟಿ ಅರ್ಥವಾಗಲಿಲ್ಲ. ಏನೆಂದಳೋ ಕೇಳಿಸಿಕೊಳ್ಳಬೇಕೆಂದು ಮೂರು ಮಗ್ಗಗಳನ್ನೂ ಆರಿಸಿದ.

“ನಿಲ್ಸಿ,” ಎಂದಳು ಉಂಡೆ, ಆಗಲೇ ನಿಂತಿದ್ದ ಮಗ್ಗಕ್ಕೆ.

ಅಜ್ಜಿ ಅಡುಗೆಮನೆಯಿಂದ ಹೊರಗೆ ಬಂದಳು. ಉಂಡೆ ಒಂದೊಂದೇ ಮಗ್ಗದ ಮುಂದೆ ಹೋಗಿ ನಿಂತು ಅದನ್ನೇ ಹೇಳುತ್ತ ಬಂದಳು. ಅಪ್ಪ ಅವಳ ಹಿಂದೆ ಹಿಂದೆಯೇ ನಡೆದ.

ಆಗ ಸಾಹುಕಾರರ ಫೋನು ಬಂತು. ಬಟ್ಟೆ ಯಾವಾಗ ಎಂದು ಕೇಳಹೊರಟವರು ನಡುವೆ ತಡೆದು, ಇದೇನು, ಮಗ್ಗದ ಸದ್ದೇ ಇಲ್ಲ, ಕರೆಂಟು ಹೋಗಿದೆಯಾ ಎಂದು ಕೇಳಿದರು.

“ಕರೆಂಟಿದೆ ಸಾಹುಕಾರ್ರೇ,” ಎಂದ ಅವನು. “ಬಟ್ಟೆ ಇವತ್ತಿಗಾಗಲ್ಲ. ಮನೇಲಿ ಮಾತು ನಡೀತಿದೆ.”