ಪಟ್ಟಿಯಲ್ಲಿಲ್ಲದ ಮನೆ

ಬಾಂಬು ಬಿದ್ದ ಮನೆಯ ಕಲ್ಲುಮಣ್ಣಿನಡಿ ಮಗಳು ಬೆಳಗಿನಿಂದ ಲೋಟ ಬಡಿಯುತ್ತಲೇ ಇದ್ದಳು. ಬರಿಗೈಯಲ್ಲಿ ತೋಡಿ ತೋಡಿ ಸೋತ ಅಪ್ಪ ಪರದೇಶದ ಸೈನ್ಯದ ಶಿಬಿರಕ್ಕೆ ಓಡಿ ಬಂದ. ಊರಿಗೆಲ್ಲ ಇದ್ದ ಒಂದೇ ಒಂದು ಕ್ರೇನು ಈಗ ಅವರ ವಶದಲ್ಲಿತ್ತು.

ಅಧಿಕಾರಿ ಪಟ್ಟಿಯ ಮೇಲೆ ಕಣ್ಣಾಡಿಸಿ ಏನೋ ಹೇಳಿದ. ಊರಿನವನೇ ಆದ ದುಭಾಷಿ ತಲೆ ತಗ್ಗಿಸಿಕೊಂಡೇ ತಿಳಿಸಿದ.

"ಮಾವಾ, ನಿಮ್ಮನೆ ಪಟ್ಟೀಲಿಲ್ವಂತೆ. ಅಲ್ಲಿ ಬಾಂಬೇ ಹಾಕಿಲ್ಲ ಅಂತಾರೆ."

"ಹಾಗಾದ್ರೆ ನನ್ನ ಮನೆ ಸೀನಿ ಬಿತ್ತೇನಪ್ಪಾ?"

"ಉಗ್ರರು ಇರೋ ಮನೆ ಮೇಲೆ ಮಾತ್ರ ಹಾಕ್ತಾರಂತೆ, ಅದು ಕಾನೂನಂತೆ. ಕ್ರೇನೂ ಅಂಥ ಮನೆಗಳಿಗಷ್ಟೇ ಹೋಗುತ್ತಂತೆ, ಆಯುಧ ಹುಡುಕೋಕೆ. ನಿಮ್ಮನೇಲಿ ಉಗ್ರರು ಯಾರಾದ್ರೂ ಇದ್ರಾ ಅಂತ ಕೇಳ್ತಿದಾರೆ."

"ಇದ್ದೋರು ನಾನು, ನನ್ನ ಮಗಳು. ಅವಳಿಗಿನ್ನೂ ಆರು ವರ್ಷ ಕಣೋ!"

ದುಭಾಷಿ ಅದನ್ನು ಹೇಳಿದ. ಅಧಿಕಾರಿ ಉತ್ತರಿಸಿದ.

"ಹಾಗಿದ್ರೆ ಬಾಂಬು ಬಿದ್ದಿರೋಕೆ ಸಾಧ್ಯವೇ ಇಲ್ವಂತೆ. ಸುಮ್ನೆ ಮನೆಗೆ ಹೋಗಿ ಅಂತಾರೆ, ಮಾವಾ."

"ಯಾವ ಮನೆಗೆ?"

ದುಭಾಷಿ ಅದನ್ನು ಮಾತ್ರ ಅಧಿಕಾರಿಗೆ ಹೇಳಲಿಲ್ಲ. ಅಧಿಕಾರಿ ಫೈಲು ಮುಚ್ಚಲು ಹೊರಟಾಗ ಅಪ್ಪ ಅದರ ಮೇಲೆ ಕೈಯಿಟ್ಟ.

"ಇಷ್ಟೊತ್ತು ಹೇಳಿದ್ದು ಸುಳ್ಳು ಅಂತ ಹೇಳು. ಮನೇಲಿ ಒಬ್ಬ ಉಗ್ರ ಇದ್ದ."

ದುಭಾಷಿ ಅದನ್ನು ಹೇಳುತ್ತಲೇ ಅಧಿಕಾರಿ ಮೊದಲ ಬಾರಿಗೆ ತಲೆಯೆತ್ತಿ ನೋಡಿದ, ಪೆನ್ನು ತೆಗೆದ.

"ಅವನನ್ನ ಹಿಡಿದುಕೊಟ್ರೆ ಈಗಿಂದೀಗಲೇ ಕ್ರೇನು ಕಳಿಸ್ತಾರಂತೆ. ಎಲ್ಲಿದಾನೆ ಅವ್ನು?"

"ಮೊದಲು ಕ್ರೇನು ಹೊರಡಲಿ," ಎಂದು ಅಪ್ಪ ಕೋಳಕ್ಕೆ ಎರಡೂ ಕೈ ಒಡ್ಡಿದ.