ಸ್ಪೆಷಲ್ ಕೇಳಿದವನಿಗೆ ಸಾದಾ

"ಚಿಕೋರಿ ಒಂದು ಚಿಟಿಕೆಯೂ ಇಲ್ಲ," ಎಂದ ಕಪ್ಪು ಕನ್ನಡಕದ ಮನುಷ್ಯ. ಲೋಟ ಇನ್ನೂ ತುಟಿಯ ಹತ್ತಿರವೇ ಇತ್ತು. "ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಬೀಜ. ಇಂಥಾದ್ದು ಅಂಗಡೀಲಿ ಸಿಗಲ್ಲ. ಎಲ್ಲಿಂದ ಬಂತು ಸುಬ್ಬಪ್ಪನವ್ರೆ?"

ಸುಬ್ಬಪ್ಪ ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ಹೋಟೆಲಿಟ್ಟು ಇಷ್ಟು ವರ್ಷವಾಗಿದ್ದರೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಮಂಡಳಿಗೇ ಒಪ್ಪಿಸಬೇಕಾದ ಕಾಲ ಅದು. ಆದರೂ ಕೊಪ್ಪದ ಕಡೆಯ ತೋಟವೊಂದರಿಂದ ಒಂದಿಷ್ಟು ಬೀಜ ಕದ್ದುಮುಚ್ಚಿ ಅವನ ಅಡುಗೆಮನೆ ಸೇರುತ್ತಿತ್ತು. ಹೆಂಡತಿ ಯಮುನಮ್ಮ ಅದನ್ನು ಹದವಾಗಿ ಹುರಿದು, ಕೇಳಿದಾಗ ಬೇಕಾದಷ್ಟೇ ಪುಡಿ ಮಾಡಿ, ಹೊಸ ಡಿಕಾಕ್ಷನ್ ಇಳಿಸುತ್ತಿದ್ದಳು. ಅದು ಸ್ಪೆಷಲ್. ಸಾದಾ ಕಾಫಿಯ ಕಥೆಯೇ ಬೇರೆ. ಸಿಪ್ಪೆ ಸಮೇತ ಒಣಗಿಸಿದ ಅಗ್ಗದ ಬೀಜ, ಅರ್ಧಕ್ಕರ್ಧ ಚಿಕೋರಿ, ಬೆಳಗಿನಿಂದ ಒಲೆಯ ಮೇಲೆ ಕುದಿಯುತ್ತಲೇ ಇರುವ ಕಪ್ಪು ಡಿಕಾಕ್ಷನ್. ಹಾಲು ಸಕ್ಕರೆ ಸುರಿದರೆ ನಾಲಿಗೆಗೆ ಬಿಸಿ, ಸಿಹಿ ಬಿಟ್ಟು ಬೇರೇನೂ ತಿಳಿಯದು. ಬಸ್ಸಿಗೆ ಕಾಯುವವರಿಗೆ ಅಷ್ಟು ಸಾಕಿತ್ತು.

"ಹೆದರ್ಬೇಡಿ," ಆತ ದನಿ ತಗ್ಗಿಸಿದ. "ಕಾಫಿ ಹಿಡಿಯೋಕೆ ಬಂದವನಲ್ಲ ನಾನು. ಒಬ್ಬ ಮನುಷ್ಯ ಬೇಕಾಗಿದ್ದಾನೆ."

ಸುಬ್ಬಪ್ಪನಿಗೆ ಎಲ್ಲ ಅರ್ಥವಾಗಿಹೋಯಿತು: ಪೊಲೀಸ್. ತುರ್ತು ಪರಿಸ್ಥಿತಿ ಬಂದು ಕೆಲವು ತಿಂಗಳಾಗಿತ್ತು. ದಿನಾ ಹೋಟೆಲಿಗೆ ಬರುತ್ತಿದ್ದ ಮುಕುಂದಯ್ಯ ಮೇಷ್ಟ್ರನ್ನು ಬೆಳಕು ಹರಿಯುವ ಮೊದಲೇ ಜೀಪು ಹತ್ತಿಸಿಕೊಂಡು ಹೋಗಿದ್ದರು. ಆಮೇಲೆ ಅವರ ಹೆಸರನ್ನೂ ಯಾರೂ ಎತ್ತಿರಲಿಲ್ಲ.

"ಚಳವಳಿಯ ಹುಡುಗ. ತಲೆ ತಪ್ಪಿಸ್ಕೊಂಡು ಓಡಾಡ್ತಿದ್ದಾನೆ. ಹೊಸನಗರಕ್ಕೆ ಹೋಗೋಕೆ ಇಲ್ಲೇ ಬಸ್ಸು ಬದಲಾಯಿಸ್ಬೇಕು. ಗಡ್ಡ ಬಿಟ್ಟಿರ್ಬಹುದು, ತಲೆ ಬೋಳಿಸಿರ್ಬಹುದು. ನಾಲಿಗೆ ಬದಲಾಯಿಸೋಕಾಗಲ್ಲ. ಕಾಫಿ ತೋಟದಲ್ಲಿ ಹುಟ್ಟಿ ಬೆಳೆದವನು, ಚಿಕೋರಿ ಅವನ ಗಂಟಲಲ್ಲಿ ಇಳಿಯಲ್ಲ. ಸ್ಪೆಷಲ್ ಕೇಳಿದ ಅಪರಿಚಿತರಿಗೆಲ್ಲ ಸಾದಾ ಕೊಡಿ. ಒಂದು ಗುಟುಕಿಗೇ ಲೋಟ ಕೆಳಗಿಟ್ಟವನು ಸಿಕ್ಕಿದ್ರೆ ಬಂದು ನನ್ನ ಕಿವೀಲಿ ಹೇಳಿ."

"ನೀವೇ ಹೊರಗೆ ಕೂತು ನೋಡ್ಬಹುದಲ್ಲ ಸಾರ್?"

"ನಿಮ್ಮ ಕಣ್ಣು ಸಾಕು."

ಮರುದಿನದಿಂದ ಮೆಟ್ಟಿಲ ಮೇಲೆ ಕೊಡೆಯ ತುದಿ ಟಕ್ ಟಕ್ ಎಂದರೆ ಸುಬ್ಬಪ್ಪ ಗಲ್ಲಾ ಬಿಟ್ಟು ಎದ್ದು ನಿಲ್ಲುತ್ತಿದ್ದ. ಆತ ನಿಧಾನವಾಗಿ ಒಳಬಂದು, ಗೋಡೆ ಸವರಿಕೊಂಡು ನಡೆದು, ಫ್ಯಾಮಿಲಿ ರೂಮಿನ ಪರದೆಯ ಹಿಂದೆ ಕೂರುತ್ತಿದ್ದ. ಆ ಕತ್ತಲಲ್ಲೂ ಕನ್ನಡಕ ತೆಗೆಯುತ್ತಿರಲಿಲ್ಲ. ಮುಂದೆ ಬಿಡಿಸಿಟ್ಟ ಪೇಪರು. ಪುಟ ಮಗುಚಿದ್ದನ್ನು ಸುಬ್ಬಪ್ಪ ಒಮ್ಮೆಯೂ ನೋಡಲಿಲ್ಲ. ಪೇದೆಗಳು ಕಾಫಿಗೆ ಬಂದರೆ ಉಸಿರೂ ಕೇಳಿಸದಂತೆ ಕೂತಿರುತ್ತಿದ್ದ. ಮೇಲಿನವರು ಕೆಳಗಿನವರಿಗೂ ಗುಟ್ಟು ಬಿಡುವುದಿಲ್ಲವೇನೋ ಎಂದುಕೊಂಡ ಸುಬ್ಬಪ್ಪ.

ಸ್ಪೆಷಲ್ ಕೇಳಿದವರಿಗೆ ಸಾದಾ ಹೋಗತೊಡಗಿತು. ಯಾರೂ ಕಮಕ್ ಕಿಮಕ್ ಎನ್ನಲಿಲ್ಲ. ಆನಂದಪುರದ ಅಡಿಕೆ ವ್ಯಾಪಾರಿಯೊಬ್ಬನಂತೂ "ಇದಪ್ಪ ಕಾಫಿ ಅಂದ್ರೆ" ಎಂದು ಹೊಗಳಿಯೇ ಹೋದ.

"ಯಾರ ಮನೆ ಮಗನೋ ಏನೋ," ಎಂದಳು ಯಮುನಮ್ಮ, ಒಲೆಯ ಮುಂದೆ. "ನನ್ನ ಕೈಯಿಂದ ಹಿಡ್ಕೊಡೋ ಕೆಲ್ಸ ಮಾಡಿಸ್ಬೇಡಿ ಕಣ್ರೀ."

"ಹೇಳ್ದಂಗೆ ಕೇಳ್ದಿದ್ರೆ ನಾಳೆ ನಾವಿಬ್ರೂ ಒಳಗಿರ್ತೀವಿ," ಎಂದ ಸುಬ್ಬಪ್ಪ. ಆದರೆ ಅವತ್ತು ಅವನಿಗೆ ಊಟ ಸೇರಲಿಲ್ಲ.

ಒಂದು ಸಂಜೆ ಬೋಳುತಲೆಯ ಯುವಕನೊಬ್ಬ ಮೂಲೆಯ ಮೇಜಿಗೆ ಬಂದು ಕೂತ. ಹೆಗಲಲ್ಲಿ ಬಟ್ಟೆಯ ಚೀಲ. ತುಟಿ ಅಲ್ಲಾಡಿತೋ ಇಲ್ಲವೋ ಎನ್ನುವಂತೆ ಸ್ಪೆಷಲ್ ಕೇಳಿದ. ಸುಬ್ಬಪ್ಪ ಸಾದಾ ತಂದಿಟ್ಟ. ಒಂದು ಗುಟುಕು. ಯುವಕ ಮುಖ ಕಿವುಚಿದ. ಲೋಟ ಕೆಳಗಿಟ್ಟು ಬೆರಳಿನಿಂದ ಆಚೆ ತಳ್ಳಿದ.

ಪರದೆಯ ಹಿಂದೆ ಕೊಡೆ ನೆಲಕ್ಕೆ ತಾಗಿದ ಸದ್ದಾಯಿತು.

ಸುಬ್ಬಪ್ಪನ ಕಾಲು ಪರದೆಯತ್ತ ಒಂದು ಹೆಜ್ಜೆ ಇಟ್ಟಿತು. ಆ ಯುವಕನ ಕಣ್ಣ ಸುತ್ತ ನಿದ್ದೆಯಿಲ್ಲದ ಕಪ್ಪು, ಕತ್ತಿನಲ್ಲಿ ಮುಳ್ಳು ಗೀರಿದ ಗಾಯ. ಮುಕುಂದಯ್ಯ ಮೇಷ್ಟ್ರನ್ನು ಜೀಪು ಹತ್ತಿಸುವಾಗ ತಾನು ಕಿಟಕಿ ಮುಚ್ಚಿಕೊಂಡಿದ್ದು ನೆನಪಾಯಿತು. ಅವನು ತಿರುಗಿ ಬಂದು ಲೋಟ ಎತ್ತಿ, ಕಾಫಿಯನ್ನು ಮುಸುರೆ ಬಕೆಟ್ಟಿಗೆ ಸುರಿದ.

"ಒಳಗೆ ಪೊಲೀಸ್ ಕೂತಿದ್ದಾರೆ," ಮೇಜು ಒರೆಸುತ್ತ ಪಿಸುಗುಟ್ಟಿದ. "ಅಡುಗೆಮನೆ ಬಾಗಿಲಿಂದ ಹೊರಡಿ."

ಯುವಕ ಬಿಳಚಿಕೊಂಡ. "ಇವತ್ತು ಇಲ್ಲೇ ಎಲ್ಲಾದ್ರೂ ಉಳಿಯೋಣ ಅಂತಿದ್ದೆ."

"ಒಂದು ಗಳಿಗೇನೂ ಬೇಡ. ಹೊಸನಗರದ ಬಸ್ಸು ಹೊರಡ್ತಾ ಇದೆ."

ಹಿತ್ತಿಲ ದಾರಿಯಲ್ಲಿ ಅವನನ್ನು ಕರೆದೊಯ್ದು, ಹೊರಟಿದ್ದ ಬಸ್ಸನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದ. "ನಮ್ಮ ಕಡೆಯವ್ರು, ಹೊಸನಗರ ಮುಟ್ಟೋವರ್ಗೂ ಎಲ್ಲೂ ಇಳಿಸ್ಬೇಡ," ಎಂದು ಪರಿಚಯದ ಕಂಡಕ್ಟರ್ ಪುಟ್ಟಪ್ಪನಿಗೆ ಹೇಳಿ ಹಿಂದಿನ ಸೀಟಿನಲ್ಲಿ ಕೂರಿಸಿದ. ಯುವಕ ಕೈ ಮುಗಿದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಸುಬ್ಬಪ್ಪ ಅಲ್ಲೇ ನಿಂತಿದ್ದ. ಬಹಳ ದಿನಗಳ ಮೇಲೆ ಎದೆ ಹಗುರವಾಗಿತ್ತು.

ವಾಪಸು ಬಂದು ಪರದೆ ಸರಿಸಿದ.

"ಹೊಸನಗರದ ಬಸ್ಸು ಹೋದ ಹಾಗಾಯ್ತು," ಎಂದ ಆತ. "ಯಾರಾದ್ರೂ ಲೋಟ ಬಿಟ್ರಾ?"

"ಇಲ್ಲ ಸಾರ್. ಎಲ್ರೂ ಕುಡಿದೇ ಹೋದ್ರು."

"ಸರಿಯಾಗಿ ನೋಡಿದ್ರಾ?"

"ಕಣ್ಣಾರೆ ನೋಡ್ದೆ."

ಆತ ನಿಟ್ಟುಸಿರು ಬಿಟ್ಟು, ಮೊದಲ ಬಾರಿಗೆ ಕನ್ನಡಕ ತೆಗೆದ. ಎರಡು ಕಣ್ಣಿಗೂ ಬಿಳಿ ಪೊರೆ ಕಟ್ಟಿತ್ತು. ಅವು ಸುಬ್ಬಪ್ಪನನ್ನು ಹುಡುಕಿ, ಸಿಗದೆ, ಗೋಡೆಯ ಮೇಲೆ ನಿಂತವು.

"ಇಷ್ಟು ದಿನ ನಿಮ್ಮನ್ನ ನಂಬೋದೋ ಬೇಡ್ವೋ ಗೊತ್ತಾಗ್ಲಿಲ್ಲ, ಇನ್ನು ಮುಚ್ಚಿಡಲ್ಲ ಸುಬ್ಬಪ್ಪನವ್ರೆ. ಹೊಸನಗರದಲ್ಲಿ ಅವನು ಹೋಗೋ ಮನೆಯೊಳಗೇ ಪೊಲೀಸರು ಕಾದು ಕೂತಿದ್ದಾರೆ, ಆ ಬಸ್ಸು ಹತ್ಬೇಡ ಅಂತ ಹೇಳೋಕೇ ನಾನಿಲ್ಲಿ ಕಾಯ್ತಿರೋದು. ಅವನು ನನ್ನ ತಮ್ಮ."