ಸಿತ್ರಾ ಜೆಟ್ಟಿಯ ದೀಪ

"ಖಲಾಸ್, ಈ ದೀಪ ಬೇಡ. ಸಣ್ಣ ದೋಣಿಗಳಿಗೆ ಇದೆಲ್ಲ ಯಾಕೆ?" ಎಂದು ಸರ್ಕಾರಿ ಸಮಿತಿಯ ಮುಖ್ಯಸ್ಥ ಯೂಸುಫ್ ಹೇಳುತ್ತಿದ್ದಂತೆಯೇ ಕೊಲ್ಲಿಯ ಸಿತ್ರಾ ದ್ವೀಪದ ಮೀನುಗಾರರ ಜೆಟ್ಟಿಯ ಮೇಲೆ ಧೂಳುಗಾಳಿ ಕವಿಯಿತು. ಸಂಜೆಯ ಸಮುದ್ರ ಕಣ್ಣಿಗೆ ಕಾಣದಾಯಿತು. ಬಂಡೆಗಳ ಆಚೆ ದಾರಿ ತಪ್ಪಿದ ದೋಣಿಗಳ ಹಾರ್ನ್ ಮಾತ್ರ ಕೇಳಿಸುತ್ತಿತ್ತು.

ಆ ದೀಪಕ್ಕಾಗಿ ವರ್ಷಗಟ್ಟಲೆ ಕಚೇರಿಗಳಿಗೆ ಅಲೆದಿದ್ದ ಉಡುಪಿಯ ಎಂಜಿನಿಯರ್ ಜಾನಿಸ್ ಯಾರ ಅಪ್ಪಣೆಗೂ ಕಾಯಲಿಲ್ಲ. "ಎಡ್ಮಂಡ್, ಸ್ವಿಚ್ ಹಾಕು ಮಾರಾಯ!" ಎಂದು ಸಹೋದ್ಯೋಗಿಗೆ ಕೂಗಿದಳು. ಪರೀಕ್ಷೆಗೆಂದು ಕಂಬಕ್ಕೆ ಕಟ್ಟಿದ್ದ ದೀಪ ಹೊತ್ತಿಕೊಂಡು ಧೂಳನ್ನು ಸೀಳಿತು. ಅವಳು ಯೂಸುಫನ ಕಡೆ ತಿರುಗಿದಳು. "ಸರ್, ಹತ್ತೊಂಬತ್ತನೇ ಶತಮಾನದಲ್ಲಿ ಎಷ್ಟೋ ಕಡೆ ಹಡಗು ಒಡೆದ ಮೇಲೆಯೇ ಸರ್ಕಾರಗಳು ದೀಪಸ್ತಂಭ ಕಟ್ಟಿಸಿದ್ದು. ನಾವೂ ಹಾಗೇ ಕಾಯುವುದಾ?"

ಯೂಸುಫ್ ಉತ್ತರಿಸುವಷ್ಟರಲ್ಲಿ ಮೊದಲ ದೋಣಿಯ ಮೂತಿ ಬೆಳಕಿನೊಳಗೆ ಮೂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೊನೆಯ ದೋಣಿಯೂ ಸುರಕ್ಷಿತವಾಗಿ ಜೆಟ್ಟಿಗೆ ತಾಗಿದಾಗ ಮೀನುಗಾರರು ಕೇಕೆ ಹಾಕಿದರು. ಮುದುಕನೊಬ್ಬ ದಡಕ್ಕೆ ನೆಗೆದು ದೀಪದ ಕಂಬವನ್ನೇ ತಬ್ಬಿಕೊಂಡ.

ಯೂಸುಫ್ ಅವನನ್ನೇ ನೋಡುತ್ತ ನಿಂತಿದ್ದ. ಆಮೇಲೆ ಜಾನಿಸ್ ಕಡೆಗೆ ಕೈ ಚಾಚಿ ಗಟ್ಟಿಯಾಗಿ ಹೇಳಿದ: "ಇಲ್ಲಿಗೆ ಕಂಬ ಸಾಲದು ಮೇಡಂ. ಗೋಪುರವನ್ನೇ ಕಟ್ಟೋಣ."